ತಪ್ಪಾಯಿತು, ತಪ್ಪು ಮಾಡಿದೆ

ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ ನಾವು ಮನೆಮಂದಿಯೆಲ್ಲ ಕೋಲೋನ್ ನಗರಕ್ಕೆ ಹೋಗಿದ್ದೆವು. ಎಲ್ಲರಂತೆ ದೊಡ್ಡ ಚರ್ಚನ್ನು ನೋಡಿದ್ದಾಯಿತು, ರೈನ್ ನದಿಯ ಸೇತುವೆಗೆ ಪ್ರೇಮಿಗಳು ಹಾಕಿದ ಸಾವಿರಾರು ಬೀಗಗಳನ್ನು ನೋಡಿದ್ದಾಯಿತು, ಡಬ್ಬಿಯಲ್ಲಿ ತಂದಿದ್ದ ಪುಳಿಯೋಗರೆ ಖಾಲಿಯಾಗುವ ಹೊತ್ತಿಗೆ ಸರಿಯಾಗಿ ಮಳೆ ಹಿಡಿಯಿತು. ಜರ್ಮನಿಯಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಒಳಗೆ ಹೊಕ್ಕು ನಿಲ್ಲೋಣವೆಂದರೆ ಜಾಗವಿಲ್ಲ. ನ್ಯೂಮಾರ್ಕ್ಟ್ ಚೌಕದ ಬಳಿ, ಮುಚ್ಚಿದ ಅಂಗಡಿಗಳ ಮೇಲಿನ ಮಹಡಿಯಲ್ಲಿ ಒಂದು ಮ್ಯೂಸಿಯಂ ತೆರೆದಿತ್ತು. ಕಲೆಯ ಮೇಲಿನ ಪ್ರೀತಿಯಿಂದ ಹೋದೆವೆಂದು ಹೇಳಿದರೆ ಸುಳ್ಳಾದೀತು. ನಾವು ಹೋದದ್ದು ಮಳೆಗೆ ಹೆದರಿ.

ಅದು ಕೇಟೆ ಕೋಲ್ವಿಟ್ಸ್ ಎಂಬ ಕಲಾವಿದೆಯ ಮ್ಯೂಸಿಯಂ. 1985ರಲ್ಲಿ ಆರಂಭವಾದ ಇದರಲ್ಲಿ ಅವರ ಕೃತಿಗಳ ಅತಿ ದೊಡ್ಡ ಸಂಗ್ರಹವಿದೆ. ಕಾಗದದ ಚಿತ್ರಗಳಿಗೆ ಬೆಳಕು ಶತ್ರುವಾದ್ದರಿಂದ ಒಳಗೆಲ್ಲ ಮಂದ ದೀಪ. ನಮ್ಮ ಮಗಳು ಒಂದು ಸಣ್ಣ ಕಪ್ಪು ಬಿಳುಪು ಚಿತ್ರದ ಮುಂದೆ ನಿಂತುಬಿಟ್ಟಳು.

"ಈ ಅಜ್ಜಿ ಯಾಕೆ ಕೋಪ ಮಾಡ್ಕೊಂಡಿದ್ದಾರೆ?"

"ಕೋಪ ಅಲ್ಲ ಪುಟ್ಟಿ, ನೋಡ್ತಾ ಇದ್ದಾರೆ."

"ಯಾರನ್ನ?"

"ಅವರನ್ನೇ ಅವರು."

ಮಗಳು ಸ್ವಲ್ಪ ಹೊತ್ತು ಯೋಚಿಸಿ ಮುಂದಿನ ಗೋಡೆಗೆ ಹೋದಳು. ನಾವು ಅಲ್ಲೇ ಉಳಿದೆವು. ಆ ಚಿತ್ರ ಅಂದಿನಿಂದ ನಮ್ಮನ್ನು ಬಿಟ್ಟಿಲ್ಲ. ಈ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ, ದೇವಸ್ಥಾನದ ಪತ್ರಿಕೆಗೆ ಇದು ಒಪ್ಪುತ್ತದೆಯೋ ಇಲ್ಲವೋ ಎಂಬ ಅಳುಕಿನಲ್ಲಿಯೇ ಬರೆಯಲು ಕುಳಿತಿದ್ದೇವೆ.

ಚಿತ್ರದ ಹೆಸರು 'ಎದುರಿನಿಂದ ಸ್ವಚಿತ್ರ'. 1922-23ರಲ್ಲಿ ಮಾಡಿದ್ದು. ಆಗ ಕೇಟೆಯವರಿಗೆ ಸುಮಾರು ಐವತ್ತೈದು ವರ್ಷ. ಒಂದು ಪುಸ್ತಕದ ಪುಟದಷ್ಟೂ ದೊಡ್ಡದಲ್ಲ. ಕಪ್ಪಿನ ನಡುವೆ ಒಂದು ಮುಖ, ಅಷ್ಟೇ. ಹಿಂದೆ ಮನೆಯಿಲ್ಲ, ಮರವಿಲ್ಲ, ಕಿಟಕಿಯಿಲ್ಲ. ಒಡವೆಯಿಲ್ಲ. ಮುಚ್ಚಿದ ಬಾಯಿ, ನೆರಳಿನಲ್ಲಿ ಹೂತ ಕಣ್ಣು, ಹಣೆಯ ಮೇಲೆ ಉಳಿ ಎಳೆದ ಬಿಳಿ ಗೆರೆಗಳು. ಚಂದವಾಗಿ ಕಾಣಬೇಕೆಂಬ ಆಸೆ ಅದರಲ್ಲಿ ಒಂದಿಷ್ಟೂ ಇಲ್ಲ. ಹಾಗೆಂದು ಅಯ್ಯೋ ಪಾಪ ಅನ್ನಿಸಿಕೊಳ್ಳುವ ಆಸೆಯೂ ಇಲ್ಲ. ಈ ಎರಡನೆಯದು ಮೊದಲನೆಯದಕ್ಕಿಂತ ಕಷ್ಟ ಎಂದು ನಮಗೆ ಅನ್ನಿಸುತ್ತದೆ.

ಇದು ಮರದ ಅಚ್ಚಿನ ಚಿತ್ರ. ಒಂದು ಹಲಗೆ ತೆಗೆದುಕೊಂಡು ಅದರ ಮೇಲೆ ಚಿತ್ರ ಬಿಡಿಸಿ, ಎಲ್ಲೆಲ್ಲಿ ಬಿಳಿ ಬೇಕೋ ಅಲ್ಲಲ್ಲಿ ಉಳಿಯಿಂದ ಮರವನ್ನು ಕೆತ್ತಿ ತೆಗೆಯುತ್ತಾರೆ. ಉಳಿದ ಉಬ್ಬು ಭಾಗಕ್ಕೆ ಮಸಿ ಸವರಿ ಮೇಲೆ ಕಾಗದವಿಟ್ಟು ಒತ್ತುತ್ತಾರೆ. ಏನೂ ಕೆತ್ತದ ಹಲಗೆಯನ್ನು ಒತ್ತಿದರೆ ಬರುವುದು ಬರೀ ಕಪ್ಪು. ಅಂದರೆ ಇಲ್ಲಿ ಕಪ್ಪು ಮೊದಲೇ ಇರುತ್ತದೆ. ಬೆಳಕನ್ನು ಒಂದೊಂದು ಏಟಿಗೆ ಅಗೆದು ಹೊರತೆಗೆಯಬೇಕು. ನಮ್ಮ ಕಸುಬಿನಲ್ಲಿ ತಪ್ಪು ಒತ್ತಿದರೆ ಹಿಂದಕ್ಕೆ ಹೋಗಲು ಒಂದು ಗುಂಡಿ ಇದೆ. ದಿನಕ್ಕೆ ನೂರು ಸಲ ಒತ್ತುತ್ತೇವೆ. ಹಲಗೆಯಲ್ಲಿ ಅದಿಲ್ಲ. ನುರಿತವರು ಕೆಟ್ಟ ಜಾಗಕ್ಕೆ ಮರದ ಬೆಣೆ ಕೂರಿಸಿ ಮತ್ತೆ ಕೆತ್ತುವುದುಂಟಂತೆ, ಆದರೆ ಅದು ರಿಪೇರಿ. ಕೆತ್ತಿದ್ದು ಕೆತ್ತಿದ್ದೇ.

ಈ ವಿದ್ಯೆ ಯುರೋಪಿನಲ್ಲಿ ಹಳೆಯದು. ನ್ಯೂರೆಂಬರ್ಗಿನ ಡ್ಯೂರರ್ 1498ರಲ್ಲೇ ಮರದಚ್ಚಿನಲ್ಲಿ ಬಹಳ ಸೂಕ್ಷ್ಮವಾದ ಚಿತ್ರಮಾಲೆ ಪ್ರಕಟಿಸಿದ್ದ. 1905ರಲ್ಲಿ ಡ್ರೆಸ್ಡೆನ್ನಿನಲ್ಲಿ ಕಿರ್ಖ್ನರ್, ಹೆಕೆಲ್ ಮೊದಲಾದ ನಾಲ್ವರು ತರುಣರು 'ಸೇತುವೆ' ಎಂಬ ಬಳಗ ಕಟ್ಟಿದರು. ಮರದ ಒರಟುತನವನ್ನು ಮುಚ್ಚದೆ ಹಾಗೇ ಕಾಣಲು ಬಿಟ್ಟವರು ಇವರು. ಕಣ್ಣಿಗೆ ಕಂಡದ್ದಕ್ಕಿಂತ ಒಳಗೆ ಕುದಿಯುವುದನ್ನು ಹೊರಹಾಕಬೇಕೆಂಬ ಈ ಪಂಥಕ್ಕೆ ಎಕ್ಸ್‌ಪ್ರೆಷನಿಸಂ ಎಂದು ಹೆಸರು ಬಂತು. ಕೇಟೆ ಈ ಬಳಗಕ್ಕೆ ಸೇರಿದವರಲ್ಲ. ಬಹುಕಾಲ ತಾಮ್ರದ ತಗಡು ಮತ್ತು ಕಲ್ಲಚ್ಚಿನಲ್ಲಿ ಕೆಲಸ ಮಾಡಿದವರು. 1920ರಲ್ಲಿ ಬರ್ಲಿನ್ನಿನ ಒಂದು ಪ್ರದರ್ಶನದಲ್ಲಿ ಎರ್ನ್ಸ್ಟ್ ಬಾರ್ಲಾಖ್ ಅವರ ಮರದಚ್ಚುಗಳನ್ನು ನೋಡಿದ ಮೇಲೆ, ಐವತ್ಮೂರನೆಯ ವಯಸ್ಸಿನಲ್ಲಿ, ಉಳಿ ಹಿಡಿದರು. ತಗಡಿನಲ್ಲಿ ಬೂದು ಬಣ್ಣದ ಹತ್ತಾರು ಛಾಯೆಗಳನ್ನು ತರಬಹುದು. ಮರದಲ್ಲಿ ಒಂದೋ ಕಪ್ಪು, ಇಲ್ಲವೇ ಬಿಳುಪು. ತಮಗೆ ಹೇಳಬೇಕಾದದ್ದಕ್ಕೆ ಬೂದು ಬಣ್ಣ ಬೇಡವೆಂದು ಅವರಿಗೆ ಅನ್ನಿಸಿರಬೇಕು.

ಇನ್ನೊಂದು ಸಂಗತಿ ನಮಗೆ ಆಮೇಲೆ, ಮನೆಗೆ ಹಿಂತಿರುಗುವ ರೈಲಿನಲ್ಲಿ ಹೊಳೆಯಿತು. ಅಚ್ಚಿನಲ್ಲಿ ಎಡ ಬಲ ಅದಲುಬದಲಾಗುತ್ತದೆ. ಕನ್ನಡಿಯಲ್ಲೂ ಅಷ್ಟೇ. ಮೂಗುಬೊಟ್ಟನ್ನು ಎಡಗಡೆ ಹಾಕಿಕೊಂಡ ಹೆಂಗಸಿಗೆ ಕನ್ನಡಿಯ ಬಿಂಬದಲ್ಲೂ ಅದು ತನ್ನ ಎಡಗಡೆಗೇ ಕಾಣುತ್ತದೆ, ಎದುರಿಗೆ ನಿಂತವರಿಗೆ ಮಾತ್ರ ಬಲಗಡೆ ಕಾಣುತ್ತದೆ. ನಾವು ಜೀವಮಾನವಿಡೀ ನೋಡಿಕೊಳ್ಳುವ ನಮ್ಮ ಮುಖ, ಬೇರೆ ಯಾರೂ ನೋಡದ ಮುಖ. ಅದಕ್ಕೇ ಫೋಟೋದಲ್ಲಿ ನಮ್ಮನ್ನು ಕಂಡಾಗ ಏನೋ ಸರಿಯಿಲ್ಲ ಅನ್ನಿಸುವುದು. ಈಗ ಕನ್ನಡಿಯಲ್ಲಿ ಕಂಡಂತೆಯೇ ಹಲಗೆಯ ಮೇಲೆ ಬಿಡಿಸಿ, ಕೆತ್ತಿ, ಅಚ್ಚೊತ್ತಿದರೆ? ಕನ್ನಡಿ ಒಂದು ಸಲ ತಿರುಗಿಸಿದ್ದನ್ನು ಅಚ್ಚು ಇನ್ನೊಂದು ಸಲ ತಿರುಗಿಸುತ್ತದೆ. ಕಾಗದ ಎತ್ತಿ ನೋಡಿದಾಗ ಕಾಣುವುದು ಎದುರಿನವರು ಕಾಣುವ ಮುಖ. ಬೇಲೂರಿನ ದರ್ಪಣ ಸುಂದರಿಯನ್ನು ನೋಡದ ಕನ್ನಡಿಗರಿಲ್ಲ. ಅವಳ ಕೈಯಲ್ಲಿರುವುದು ಮೊದಲನೆಯ ಕನ್ನಡಿ ಮಾತ್ರ. ಅದರಲ್ಲೇನೂ ತಪ್ಪಿಲ್ಲ, ಅವಳ ಕಾಲಕ್ಕೆ ಅವಳಿಗೆ ಅಷ್ಟೇ ಬೇಕಿತ್ತು. ಕೇಟೆಗೆ ಎರಡನೆಯದು ಬೇಕಾಗಿತ್ತು.

ಯಾಕೆ ಬೇಕಾಗಿತ್ತು ಎಂಬುದಕ್ಕೆ ಅವರ ಬದುಕಿನ ಒಂದು ಘಟನೆಯನ್ನು ಹೇಳಬೇಕು.

ಕೇಟೆ ಹುಟ್ಟಿದ್ದು 1867ರಲ್ಲಿ, ಕೋನಿಗ್ಸ್‌ಬರ್ಗಿನಲ್ಲಿ. 1891ರಲ್ಲಿ ಕಾರ್ಲ್ ಕೋಲ್ವಿಟ್ಸ್ ಎಂಬ ವೈದ್ಯರನ್ನು ಮದುವೆಯಾಗಿ ಬರ್ಲಿನ್ನಿನ ಬಡ ಕಾರ್ಮಿಕರ ಬಡಾವಣೆಯಲ್ಲಿ ನೆಲೆಸಿದರು. ಹಾನ್ಸ್, ಪೇಟರ್ ಎಂದು ಇಬ್ಬರು ಗಂಡುಮಕ್ಕಳು. 1914ರ ಆಗಸ್ಟ್‌ನಲ್ಲಿ ಯುದ್ಧ ಶುರುವಾದಾಗ ಪೇಟರ್‌ಗೆ ಹದಿನೆಂಟು ವರ್ಷ. ಸ್ವಯಂಸೇವಕನಾಗಿ ಸೈನ್ಯ ಸೇರುತ್ತೇನೆಂದು ಹಟ ಹಿಡಿದ. ಆ ವಯಸ್ಸಿಗೆ ತಂದೆಯ ಒಪ್ಪಿಗೆ ಬೇಕಾಗಿತ್ತು. ಕಾರ್ಲ್ ಸುತರಾಂ ಒಪ್ಪಲಿಲ್ಲ. ಆಗ ಪೇಟರ್ ತಾಯಿಯ ಕಡೆಗೆ ನೋಡಿದ. ಕೇಟೆ ಮಗನ ಪರವಾಗಿ ಎದ್ದು ನಿಂತು ಗಂಡನಲ್ಲಿ ಬೇಡಿಕೊಂಡರು. ಕಾರ್ಲ್ ಕೊನೆಗೆ ಒಪ್ಪಿದರು. ಅಕ್ಟೋಬರಿನಲ್ಲಿ ಪೇಟರ್ ಬೆಲ್ಜಿಯಂನ ಫ್ಲಾಂಡರ್ಸ್ ಪ್ರಾಂತ್ಯದ ಕಂದಕವೊಂದರಲ್ಲಿ ಸತ್ತ. ಹೊರಟು ಎಷ್ಟೋ ದಿನವಾಗಿರಲಿಲ್ಲ.

ಹೀಗೆ ನೋಡಿದರೆ ಅವರ ತಪ್ಪೇನು? ಆ ತಿಂಗಳು ದೇಶಕ್ಕೆ ದೇಶವೇ ಹುಚ್ಚೆದ್ದಿತ್ತು. ಪಂಡಿತರು, ಕವಿಗಳು, ಪಾದ್ರಿಗಳು, ಶಾಲೆಯ ಮೇಷ್ಟರು ಎಲ್ಲರೂ ಒಂದೇ ಮಾತು ಹೇಳುತ್ತಿದ್ದರು. ಒಪ್ಪಿಗೆ ಕೊಡದಿದ್ದರೂ ಸ್ವಲ್ಪ ದಿನಕ್ಕೆ ಹುಡುಗನಿಗೆ ಕಡ್ಡಾಯದ ಕರೆ ಬರುತ್ತಿತ್ತು. ಮಗನ ಮನಸ್ಸು ಮುರಿಯಬಾರದೆಂದು ತಾಯಿ ಮಾಡಿದ್ದು. ಯಾವ ನ್ಯಾಯಾಲಯವೂ ಆಕೆಯನ್ನು ಅಪರಾಧಿ ಎನ್ನಲಾರದು, ಗಂಡನೂ ಹಾಗೆಂದವರಲ್ಲ. ಆದರೂ ಅವರು ಅದನ್ನು ಅಲ್ಲಿಗೆ ಬಿಡಲಿಲ್ಲ. 1918ರ ಅಕ್ಟೋಬರಿನಲ್ಲಿ, ಸೋಲು ಎದುರಿಗಿದ್ದರೂ ಉಳಿದವರೆಲ್ಲ ಮುಂದೆ ಬನ್ನಿ ಎಂದು ರಿಚರ್ಡ್ ಡೆಮೆಲ್ ಎಂಬ ಹೆಸರಾಂತ ಕವಿ ಕರೆ ಕೊಟ್ಟಾಗ, ಸತ್ತದ್ದು ಸಾಕು, ಇನ್ನೊಬ್ಬನೂ ಸಾಯಬಾರದು ಎಂದು ಪತ್ರಿಕೆಯಲ್ಲಿ ಬಹಿರಂಗವಾಗಿ ಉತ್ತರ ಬರೆದರು. ಆಮೇಲೆ 'ಯುದ್ಧ' ಎಂಬ ಏಳು ಮರದಚ್ಚುಗಳ ಮಾಲೆ ಬಂತು. 1923ರಲ್ಲಿ ಪ್ರಕಟವಾದ ಈ ಮಾಲೆಯಲ್ಲಿ ಒಬ್ಬ ಶತ್ರುವೂ ಇಲ್ಲ, ಒಂದು ಬಂದೂಕೂ ಇಲ್ಲ. ಎರಡನೆಯ ಚಿತ್ರದಲ್ಲಿ ಮೃತ್ಯು ತಮಟೆ ಬಾರಿಸುತ್ತ ಮುಂದೆ ಹೋಗುತ್ತದೆ, ಹುಡುಗರು ಮೈಮರೆತು ಹಿಂದೆ ಹೋಗುತ್ತಾರೆ. ಆದರೆ ಅದಕ್ಕೂ ಮೊದಲು, ಮಾಲೆಯ ಮೊಟ್ಟಮೊದಲ ಚಿತ್ರದಲ್ಲಿ, ಒಬ್ಬ ತಾಯಿ ತನ್ನ ಕೂಸನ್ನು ಎರಡೂ ಕೈಯಲ್ಲಿ ಎತ್ತಿ ಮುಂದಕ್ಕೆ ಚಾಚಿದ್ದಾಳೆ. ಅದರ ಹೆಸರು 'ಬಲಿ'. ಯಾರೋ ಕಿತ್ತುಕೊಳ್ಳುತ್ತಿಲ್ಲ. ಅವಳೇ ಕೊಡುತ್ತಿದ್ದಾಳೆ.

ನಾವು ನೋಡಿದ ಸ್ವಚಿತ್ರ ಇದೇ ವರ್ಷಗಳದ್ದು, ಇದೇ ಉಳಿಯದ್ದು. ಕೇಟೆ ತಮ್ಮ ಜೀವನದಲ್ಲಿ ಸುಮಾರು ನೂರು ಸ್ವಚಿತ್ರಗಳನ್ನು ಮಾಡಿದ್ದಾರೆ. ಅವುಗಳಲ್ಲಿ ಎಳೆಯ ಹುಡುಗಿಯ ನಗುಮುಖವೂ ಇದೆ, ಹಣ್ಣುಹಣ್ಣು ಮುದುಕಿಯೂ ಇದ್ದಾಳೆ. ಈ ಒಂದು ಮುಖ ಮಾತ್ರ, ಒಂದು ವಾಕ್ಯವನ್ನು ಪೂರ್ತಿ ಹೇಳಿ ಮುಗಿಸಿ ಬಾಯಿ ಮುಚ್ಚಿದ ಹಾಗಿದೆ.

ಆ ವಾಕ್ಯ ಯಾವುದು? ಇಲ್ಲಿ ನಮ್ಮ ಭಾಷೆಯ ಬಗ್ಗೆ ಒಂದು ಮಾತು. ಕನ್ನಡದಲ್ಲಿ ಕ್ಷಮೆ ಕೇಳುವಾಗ ನಾವು ಸಾಮಾನ್ಯವಾಗಿ ಏನೆನ್ನುತ್ತೇವೆ? "ತಪ್ಪಾಯ್ತು." ಮಳೆಯಾಯ್ತು, ಊಟವಾಯ್ತು, ಮದುವೆಯಾಯ್ತು, ಹಾಗೇ ತಪ್ಪಾಯ್ತು. ಯಾರು ಮಾಡಿದರು ಎಂಬುದು ಆ ಮಾತಿನೊಳಗೆ ಇಲ್ಲವೇ ಇಲ್ಲ. ತಪ್ಪು ಎಲ್ಲಿಂದಲೋ ಬಂತು, ಆಯಿತು, ಹೋಯಿತು. "ನಾನು ತಪ್ಪು ಮಾಡಿದೆ" ಎಂಬ ವಾಕ್ಯವೂ ಕನ್ನಡವೇ, ವ್ಯಾಕರಣದ ಪ್ರಕಾರ ಸರಿಯಾದದ್ದೇ. ಎಷ್ಟು ಸಲ ಬಳಸಿದ್ದೇವೆ, ಲೆಕ್ಕ ಹಾಕಿ ನೋಡೋಣ. ನಮ್ಮ ಆಫೀಸುಗಳಲ್ಲೂ ಇದೇ ಕಥೆ. ರಾತ್ರಿ ಎರಡು ಗಂಟೆಗೆ ಸರ್ವರ್ ಮಲಗಿದರೆ ಮರುದಿನ ಒಂದು ವರದಿ ಬರೆಯುತ್ತೇವೆ. ಅದರಲ್ಲಿ "ಸೆಟ್ಟಿಂಗ್ ಬದಲಾಗಿತ್ತು" ಎಂದಿರುತ್ತದೆ. ಅದು ತಾನಾಗಿಯೇ ಬದಲಾಗಲು ಅದಕ್ಕೇನು ಕೈಕಾಲು ಇದೆಯೇ? ವ್ಯಕ್ತಿಯನ್ನು ಹಿಡಿದು ಬಡಿಯಬಾರದು, ವ್ಯವಸ್ಥೆಯನ್ನು ಸರಿಪಡಿಸಬೇಕು ಎಂಬ ಒಳ್ಳೆಯ ಉದ್ದೇಶ ಅದರ ಹಿಂದಿದೆ, ಒಪ್ಪುತ್ತೇವೆ. ಆದರೆ ಬೇರೆಯವರಿಗೆ ತೋರಿಸಬೇಕಾದ ಆ ದಯೆಯನ್ನು ನಾವು ಬಹಳ ಬೇಗ ನಮಗೇ ತೋರಿಸಿಕೊಳ್ಳಲು ಕಲಿತುಬಿಟ್ಟೆವು.

ದೇವರ ಮುಂದಾದರೂ ಬೇರೆಯಾಗಿದ್ದೇವೆಯೇ? ಪ್ರದಕ್ಷಿಣೆ ಬರುವಾಗ ನಾನು ಪಾಪಿ, ನನ್ನ ಕರ್ಮವೂ ಪಾಪ ಎನ್ನುವ ಶ್ಲೋಕವನ್ನು ಹೇಳುತ್ತೇವೆ. ಅದನ್ನು ಹೇಳುವಾಗ ಯಾರ ಗಂಟಲೂ ಕಟ್ಟಿದ್ದನ್ನು ನಾವು ಕಂಡಿಲ್ಲ. ಮುಂದಿನ ಕ್ಷಣವೇ ಪ್ರಸಾದದ ಸಾಲು, ಚಿತ್ರಾನ್ನಕ್ಕೆ ಉಪ್ಪು ಕಮ್ಮಿಯಾಗಿದೆ ಎಂಬ ಮಾತು. ಶ್ಲೋಕವನ್ನು ಹೀಗಳೆಯುತ್ತಿಲ್ಲ. ಎಲ್ಲ ಪಾಪಗಳಿಗೂ ಒಟ್ಟಾಗಿ ಕ್ಷಮೆ ಕೇಳುವುದು ಸುಲಭ, ಒಂದೇ ಒಂದು ಪಾಪದ ಹೆಸರು ಹೇಳಿ, ತಾರೀಖು ಹೇಳಿ, ಎದುರಿಗೆ ಯಾರಿದ್ದರು ಎಂದು ಹೇಳಿ ಕೇಳುವುದು ಕಷ್ಟ ಎನ್ನುತ್ತಿದ್ದೇವೆ. ಕೇಟೆಯ ಹಲಗೆಯಲ್ಲಿರುವುದು ಎರಡನೆಯ ಬಗೆಯದು.

ನಮ್ಮ ಮಹಾಭಾರತದಲ್ಲೂ ಯುದ್ಧ ಮುಗಿದ ಮೇಲೆ ಇಬ್ಬರು ತಾಯಂದಿರು ಬರುತ್ತಾರೆ. ಇದು ಸ್ತ್ರೀಪರ್ವದ ಭಾಗ. ಕುಮಾರವ್ಯಾಸ ಹತ್ತು ಪರ್ವಗಳಿಗೇ ನಿಲ್ಲಿಸಿದ್ದರಿಂದಲೋ ಏನೋ, ಊರಿನ ಗಮಕದ ಸಭೆಗಳಲ್ಲಿ ಈ ಪರ್ವವನ್ನು ನಾವು ಕೇಳಿದ್ದು ಕಡಿಮೆ. ಗಾಂಧಾರಿ ರಣರಂಗದಲ್ಲಿ ಮಕ್ಕಳ ಹೆಣಗಳ ನಡುವೆ ನಿಂತು, ತಡೆಯಬಲ್ಲವನಾಗಿದ್ದೂ ನೀನು ತಡೆಯಲಿಲ್ಲ ಎಂದು ಕೃಷ್ಣನಿಗೆ ಶಾಪ ಕೊಡುತ್ತಾಳೆ. ಅವಳ ದುಃಖವನ್ನು ಅಳೆಯಲು ನಾವು ಯಾರು? ಆದರೂ ಅವಳ ಬೆರಳು ಹೊರಗಡೆಗೆ ತೋರಿಸುತ್ತದೆ. ಕುಂತಿಯದು ಬೇರೆ. ಗೆದ್ದವರ ತಾಯಿ ಅವಳು, ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಗಂಗೆಯ ದಡದಲ್ಲಿ ಸತ್ತವರಿಗೆಲ್ಲ ನೀರು ಬಿಡುವ ಹೊತ್ತಿನಲ್ಲಿ, ಕರ್ಣನಿಗೂ ಬಿಡಿ, ಅವನು ನಿಮ್ಮ ಅಣ್ಣ, ಹೆತ್ತವಳು ನಾನು ಎಂದುಬಿಡುತ್ತಾಳೆ. ಅದರಿಂದ ಅವಳಿಗೆ ಯಾವ ಸಮಾಧಾನವೂ ಸಿಗುವುದಿಲ್ಲ. ಹಿರಿಯ ಮಗ ಧರ್ಮರಾಯನೇ ಸಿಟ್ಟಾಗಿ, ಇನ್ನು ಮುಂದೆ ಹೆಂಗಸರ ಬಾಯಲ್ಲಿ ಗುಟ್ಟು ನಿಲ್ಲದಿರಲಿ ಎಂದು ಶಪಿಸುತ್ತಾನೆ. ಹಾಗಾದರೆ ಅವಳು ಯಾಕೆ ಹೇಳಿದಳು? ಹೇಳದಿದ್ದರೆ ಕರ್ಣನಿಗೆ ತಮ್ಮಂದಿರ ತರ್ಪಣ ಸಿಗುತ್ತಿರಲಿಲ್ಲ, ಅದಕ್ಕೆ. ಅವಳ ಒಪ್ಪಿಗೆಯ ಮಾತು ಅವಳಿಗಾಗಿ ಅಲ್ಲ, ಸತ್ತ ಮಗನಿಗೆ ಸಲ್ಲಬೇಕಾದ್ದು ಸಲ್ಲಲಿ ಎಂಬುದಕ್ಕಾಗಿ.

ಇದನ್ನೆಲ್ಲ ಒಮ್ಮೆ ಪೂಜೆ ಮುಗಿದ ಮೇಲೆ ಕಾಫಿ ಕುಡಿಯುತ್ತ ಹೇಳಿದಾಗ ನಮ್ಮ ಬಳಗದ ಹಿರಿಯರೊಬ್ಬರು ಒಪ್ಪಲಿಲ್ಲ. "ಇದೂ ಒಂದು ಅಹಂಕಾರವೇ ಅಲ್ಲವೇ? ನಾನು ಮಾಡಿದೆ, ನಾನು ಮಾಡಿದೆ ಎನ್ನುವುದು. ಕರ್ತೃತ್ವದ ಭಾವನೆಯನ್ನು ಬಿಡು ಎಂದೇ ಗೀತೆ ಹೇಳುವುದು. ಆ ತಾಯಿ ಅಷ್ಟು ವರ್ಷ ಕೊರಗುವ ಬದಲು ಎಲ್ಲ ಅವನಿಚ್ಛೆ ಅಂತ ಬಿಟ್ಟಿದ್ದರೆ ಶಾಂತಿಯಾದರೂ ಸಿಗುತ್ತಿತ್ತು" ಎಂದರು. ಇದು ತಳ್ಳಿಹಾಕುವ ಮಾತಲ್ಲ. ನಾವು ಅಂದು ಉತ್ತರ ಕೊಡಲಾಗದೆ ಮನೆಗೆ ಬಂದು ಗೀತೆಯನ್ನೇ ತೆರೆದೆವು.

ಹದಿನೆಂಟನೆಯ ಅಧ್ಯಾಯದಲ್ಲಿ, ಯಾವುದೇ ಕೆಲಸ ನಡೆಯಬೇಕಾದರೆ ಐದು ಕಾರಣಗಳು ಬೇಕು ಎಂಬ ವಿಚಾರ ಬರುತ್ತದೆ. ಆಶ್ರಯವಾದ ದೇಹ, ಮಾಡುವವನು, ಬೇರೆ ಬೇರೆ ಸಾಧನಗಳು, ನಾನಾ ಬಗೆಯ ಚಲನೆಗಳು, ಐದನೆಯದು ದೈವ. ತಾನೊಬ್ಬನೇ ಮಾಡಿದವನು ಎಂದು ತಿಳಿದವನು ಸರಿಯಾಗಿ ಕಾಣುತ್ತಿಲ್ಲ ಎಂದೂ ಮುಂದೆ ಇದೆ. ಹಿರಿಯರ ಮಾತು ನಿಜ. ಆದರೆ ಇಂಜಿನಿಯರುಗಳಾದ ನಮಗೆ ಆ ಪಟ್ಟಿ ನೋಡಿದಾಗ ಮೊದಲು ಕಣ್ಣಿಗೆ ಬಿದ್ದದ್ದು, ಅದರಲ್ಲಿ ಮಾಡುವವನೂ ಒಂದು ಸಾಲಿನಲ್ಲಿ ಇದ್ದಾನೆ ಎಂಬುದು. ಐದರಲ್ಲಿ ಒಂದು. ಐದಕ್ಕೆ ಐದೂ ಅಲ್ಲ, ಸೊನ್ನೆಯೂ ಅಲ್ಲ. ಎಲ್ಲವೂ ನನ್ನಿಂದ ಎನ್ನುವುದು ಎಷ್ಟು ಕುರುಡೋ ಏನೂ ನನ್ನಿಂದಲ್ಲ ಎನ್ನುವುದೂ ಅಷ್ಟೇ ಕುರುಡು. ಇನ್ನೂ ಒಂದು ಇದೆ. ಬಡ್ತಿ ಬಂದಾಗ, ಮನೆ ಕೊಂಡಾಗ, ಮಗು ಶಾಲೆಯಲ್ಲಿ ಮೊದಲು ಬಂದಾಗ ನಾವು ಅವನಿಚ್ಛೆ ಎನ್ನುತ್ತೇವೆಯೇ? ಬಾಯಲ್ಲಿ ಎನ್ನುತ್ತೇವೆ, ಮನಸ್ಸಿನಲ್ಲಿ ನಮ್ಮ ಶ್ರಮದ ಲೆಕ್ಕ ಓಡುತ್ತಿರುತ್ತದೆ. ಕೆಟ್ಟದ್ದು ನಡೆದ ದಿನ ಮಾತ್ರ ನಾಲ್ಕು ಕಾರಣಗಳನ್ನು ಗಟ್ಟಿಯಾಗಿ ಓದಿ ಒಂದನ್ನು ನುಂಗಿಬಿಡುತ್ತೇವೆ. ಅರ್ಜುನನಿಗೆ ಕೃಷ್ಣ ಕರ್ತೃತ್ವ ಬಿಡು ಎಂದದ್ದು ಅವನು ಬಿಲ್ಲು ಹಿಡಿಯಲಿ ಎಂದು. ನಾವು ಅದೇ ಮಾತನ್ನು ಬಿಲ್ಲು ಕೆಳಗಿಡಲು ಬಳಸುತ್ತಿದ್ದೇವೆ.

ಈಗ ಆ ಏಳು ಚಿತ್ರಗಳನ್ನೂ ಈ ಒಂದು ಮುಖವನ್ನೂ ಒಟ್ಟಿಗೆ ನೆನೆದರೆ ನಮಗೆ ಹೀಗೆ ತೋರುತ್ತದೆ. ಏಳರಲ್ಲಿ ಉಳಿದ ಕಾರಣಗಳೆಲ್ಲ ಇವೆ. ತಮಟೆ ಬಾರಿಸಿದ ಮೃತ್ಯು, ಮರುಳಾದ ಹುಡುಗರು, ನೋಡುತ್ತ ನಿಂತ ಜನ. ಕೇಟೆ ಅವರನ್ನು ಬಿಟ್ಟುಕೊಟ್ಟಿಲ್ಲ, ಎಲ್ಲ ತನ್ನದೇ ಎಂದು ಎದೆ ಬಡಿದುಕೊಂಡಿಲ್ಲ. ಮುಖದ ಹಲಗೆಯಲ್ಲಿ ತನ್ನ ಪಾಲು ಎಷ್ಟೋ ಅಷ್ಟನ್ನು ಕೆತ್ತಿದ್ದಾರೆ. ಅಯ್ಯೋ ಪಾಪ ಅನ್ನಿಸಿಕೊಳ್ಳುವ ಆಸೆ ಅದರಲ್ಲಿಲ್ಲ ಎಂದು ಮೊದಲು ಹೇಳಿದೆವಲ್ಲ, ಅದಕ್ಕೆ ಕಾರಣ ಇದೇ ಇರಬೇಕು. ತನ್ನ ಪಾಲಿಗಿಂತ ಹೆಚ್ಚು ಹೊತ್ತುಕೊಳ್ಳುವವರಿಗೆ ಕನಿಕರ ಬೇಕಾಗುತ್ತದೆ.

ಅವರು ಕೊರಗುತ್ತಲೂ ಕೂರಲಿಲ್ಲ. ಪೇಟರ್ ಸತ್ತ ವರ್ಷವೇ ಅವನಿಗೊಂದು ಸ್ಮಾರಕ ಮಾಡಲು ಹೊರಟರು. ಮಾಡಿದ್ದು ಸರಿಬರದೆ 1919ರಲ್ಲಿ ಕೈಬಿಟ್ಟರು. ಕೆಲವು ವರ್ಷ ಬಿಟ್ಟು ಮತ್ತೆ ಹಿಡಿದರು. 1932ರಲ್ಲಿ, ಹದಿನೆಂಟು ವರ್ಷಗಳ ನಂತರ, ಮಗನನ್ನು ಹೂತಿದ್ದ ಬೆಲ್ಜಿಯಂನ ಸ್ಮಶಾನದಲ್ಲಿ ಅದು ನಿಂತಿತು. ಮಗನ ಆಯುಸ್ಸು ಎಷ್ಟೋ ಸ್ಮಾರಕದ ಕೆಲಸವೂ ಅಷ್ಟೇ ವರ್ಷ ನಡೆಯಿತು. ಈಗ ಗೋರಿಗಳ ಜೊತೆಗೇ ಅದನ್ನು ವ್ಲಾಡ್ಸ್ಲೊ ಎಂಬಲ್ಲಿಗೆ ಸ್ಥಳಾಂತರಿಸಿದ್ದಾರೆ. ಬ್ರೂಗ್ಸ್ ನೋಡಲು ಕಾರಿನಲ್ಲಿ ಹೋಗುವವರು ಸ್ವಲ್ಪ ದಾರಿ ಬದಲಿಸಿದರೆ ನೋಡಬಹುದು. 25,000ಕ್ಕೂ ಹೆಚ್ಚು ಜರ್ಮನ್ ಸೈನಿಕರು ಅಲ್ಲಿ ಮಣ್ಣಾಗಿದ್ದಾರೆ. ನಮ್ಮೂರ ವೀರಗಲ್ಲುಗಳಲ್ಲಿ ಸತ್ತವನನ್ನು ಅಪ್ಸರೆಯರು ಸ್ವರ್ಗಕ್ಕೆ ಕರೆದೊಯ್ಯುತ್ತಾರೆ. ಇಲ್ಲಿ ಸತ್ತವನೇ ಇಲ್ಲ. ಮೊಣಕಾಲೂರಿದ ಇಬ್ಬರು ತಂದೆತಾಯಿ ಮಾತ್ರ, ಇಬ್ಬರೂ ಬೇರೆ ಬೇರೆ ಪೀಠಗಳ ಮೇಲೆ. ತಂದೆ ತನ್ನ ತೋಳುಗಳನ್ನು ತಾನೇ ಬಿಗಿಹಿಡಿದು ನೆಟ್ಟಗೆ ಕುಳಿತಿದ್ದಾರೆ, ತಾಯಿ ಬಾಗಿಹೋಗಿದ್ದಾರೆ. ತಂದೆಗೆ ಕಾರ್ಲ್ ಅವರ ಮುಖ, ತಾಯಿಗೆ ಕೇಟೆಯದು. ಬೇಡ ಎಂದವರು ಮತ್ತು ಹೋಗಲಿ ಎಂದವರು ಅಕ್ಕಪಕ್ಕದಲ್ಲಿ.

ಈ ಲೇಖನವನ್ನು ಮೊದಲಿನಿಂದ 'ನಾವು' ಎಂದು ಬರೆದುಕೊಂಡು ಬಂದಿದ್ದೇವೆ. ಸಂಘದ ಪತ್ರಿಕೆಗೆ ಅದು ರೂಢಿ, ಕೇಳಲೂ ವಿನಯವಾಗಿರುತ್ತದೆ. ಆದರೆ ಅದು ಅಡಗಿಕೊಳ್ಳಲು ಒಳ್ಳೆಯ ಜಾಗವೂ ಹೌದೆಂದು ಬರೆಯುತ್ತ ಬರೆಯುತ್ತ ತಿಳಿಯಿತು. 1914ರ ಆಗಸ್ಟ್‌ನಲ್ಲಿ ಬೀದಿಯಲ್ಲಿ ಕೂಗಿದವರೂ 'ನಾವು' ಎಂದೇ ಕೂಗಿದ್ದು. ಹಾಗಾಗಿ ಹೆಸರು, ತಾರೀಖು ಹೇಳಬೇಕು ಎಂದು ಬೇರೆಯವರಿಗೆ ಉಪದೇಶ ಮಾಡಿದ ಮೇಲೆ ನಮ್ಮದನ್ನೂ ಹೇಳದಿದ್ದರೆ ಆಗದು.

2020ರ ಫೆಬ್ರವರಿ ಮೂರನೆಯ ವಾರ ನಮ್ಮ ತಂದೆ ಹಾಸನದಿಂದ ಫೋನ್ ಮಾಡಿದ್ದರು. ಅವರು ಕೇಳುವವರೇ ಅಲ್ಲ. ಅಂದು ಮಾತ್ರ "ಒಂದ್ಸಲ ಬಂದು ಹೋಗೋ" ಎಂದರು. "ಏಪ್ರಿಲ್‌ನಲ್ಲಿ ರಿಲೀಸ್ ಇದೆ ಅಣ್ಣ, ಅದು ಮುಗಿದ ತಕ್ಷಣ ಬರ್ತೀವಿ" ಎಂದೆವು. ಮಾರ್ಚ್ ಕೊನೆಯ ವಾರಕ್ಕೆ ವಿಮಾನಗಳು ನಿಂತವು. ಮೇ ತಿಂಗಳಲ್ಲಿ ಅವರು ತೀರಿಕೊಂಡರು. ಕ್ರಿಯೆಯನ್ನು ಚಿಕ್ಕಪ್ಪನ ಮಗ ಮಾಡಿದ, ನಾವು ಇಲ್ಲಿಂದ ಫೋನಿನ ಪರದೆಯಲ್ಲಿ ನೋಡಿದೆವು. ಆಮೇಲೆ ಎಲ್ಲರೂ ಸಮಾಧಾನ ಹೇಳಿದರು: ಕಾಲ ಹಾಗಿತ್ತು, ಜಗತ್ತಿಗೇ ಬಂದದ್ದು, ನಿಮ್ಮ ಕೈಯಲ್ಲಿ ಏನಿತ್ತು. ನಾಲ್ಕು ಕಾರಣಗಳು, ನಾಲ್ಕೂ ನಿಜ. ಐದನೆಯದು, ಫೆಬ್ರವರಿಯಲ್ಲಿ ವಿಮಾನ ಹಾರುತ್ತಿತ್ತು, ಟಿಕೆಟ್ ಸಿಗುತ್ತಿತ್ತು, ಮ್ಯಾನೇಜರನ್ನು ರಜೆ ಕೇಳಿರಲೇ ಇಲ್ಲ. ಕೇಳಿ ಇಲ್ಲ ಅನ್ನಿಸಿಕೊಂಡಿದ್ದರೂ ಒಂದು ಮಾತಾಗಿತ್ತು.

ಅದರ ಜೊತೆಗೆ ಇನ್ನೊಂದಿದೆ, ಇದು ನಮಗೆ ಆ ಚಿತ್ರ ನೋಡುವವರೆಗೆ ತಪ್ಪೆಂದೇ ತೋರಿರಲಿಲ್ಲ. ಜರ್ಮನಿಯಲ್ಲಿ ಎಂ.ಎಸ್. ಓದಲು ಹೊರಟಾಗ ಸೈಟಿನ ಪತ್ರ ಬ್ಯಾಂಕಿಗೆ ಕೊಟ್ಟು ಸಾಲ ತೆಗೆಯಬೇಕಾಗಿತ್ತು. ಅಣ್ಣ ಒಪ್ಪಿರಲಿಲ್ಲ. ಒಪ್ಪಿಸಿದವರು ಅಮ್ಮ. ಅಣ್ಣ ಹೋದ ಮೇಲೆ ಮೊದಲ ಸಲ ಊರಿಗೆ ಹೋದಾಗ, ಅಡುಗೆಮನೆಯಲ್ಲಿ ಅವರೆಕಾಯಿ ಬಿಡಿಸುತ್ತ ಅಮ್ಮ "ಕಳ್ಸಿದೋಳು ನಾನೇ ಅಲ್ವೇನೋ" ಎಂದರು. ನಾವು ಕೂಡಲೇ "ಹಾಗೆಲ್ಲ ಅನ್ಬೇಡಮ್ಮ, ಯಾರ ತಪ್ಪೂ ಅಲ್ಲ" ಎಂದೆವು. ಅವರು ಸುಮ್ಮನಾದರು. ಎರಡನೆಯ ಸಲ ಎಂದಾಗಲೂ ಹಾಗೇ ಹೇಳಿದೆವು, ಮೂರನೆಯ ಸಲವೂ. ಆಮೇಲೆ ಅವರು ಅನ್ನುವುದನ್ನು ಬಿಟ್ಟರು. ನಾವು ಅದನ್ನು ಸಮಾಧಾನ ಎಂದುಕೊಂಡಿದ್ದೆವು. ಮಗ ಪರದೇಶಕ್ಕೆ ಹೋಗುವುದೂ ಯುದ್ಧಕ್ಕೆ ಹೋಗುವುದೂ ಒಂದೇ ಎಂದು ಯಾರೂ ಹೇಳಲಾರರು. ಆದರೆ ಗಂಡನ ಮನಸ್ಸಿಗೆ ವಿರುದ್ಧವಾಗಿ ಹೋಗಲಿ ಬಿಡಿ ಎಂದ ತಾಯಿಗೆ ಅದರಲ್ಲಿ ತನ್ನದೊಂದು ಪಾಲು ಕಾಣುತ್ತಿತ್ತು. ಆ ಪಾಲನ್ನು ಅವರು ಕೈಯಲ್ಲಿ ಹಿಡಿದು ನೋಡುವಷ್ಟರಲ್ಲಿ, ನಾವು ಪ್ರತಿಸಲವೂ ದೀಪ ಆರಿಸಿದ್ದೆವು. ಯಾಕೆಂದರೆ ಅವರ ಪಾಲು ಬೆಳಕಿಗೆ ಬಂದರೆ ಪಕ್ಕದಲ್ಲೇ ನಮ್ಮದೂ ಕಾಣುತ್ತಿತ್ತು.

ಕೋಲೋನಿಗೆ ಹೋಗಿ ಬಂದ ಮುಂದಿನ ಭಾನುವಾರ ಅಮ್ಮನಿಗೆ ಫೋನ್ ಮಾಡಿದೆವು. ಊಟ, ಮಂಡಿನೋವು, ಪಕ್ಕದ ಮನೆಯ ಮದುವೆ ಎಲ್ಲ ಆದ ಮೇಲೆ, ಅಣ್ಣ ಫೆಬ್ರವರಿಯಲ್ಲಿ ಬಾ ಅಂದಿದ್ದರು, ನಾವು ಬರಲಿಲ್ಲ, ಬರಬಹುದಾಗಿತ್ತು ಎಂದು ಹೇಳಿದೆವು. ಅಮ್ಮ ಏನೂ ಅನ್ನಲಿಲ್ಲ. "ಯಾರ ತಪ್ಪೂ ಅಲ್ಲ ಬಿಡೋ" ಎನ್ನಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಅವತ್ತು ಬ್ಯಾಂಕಿಗೆ ಹೋಗೋ ದಿನ ನಿಮ್ಮಣ್ಣ..." ಎಂದು ಶುರುಮಾಡಿ ನಿಲ್ಲಿಸಿದರು.

"ಹೇಳಮ್ಮ" ಎಂದೆವು.

ಮುಕ್ಕಾಲು ಗಂಟೆ ಮಾತಾಡಿದರು. ಅಂದು ಬೆಳಿಗ್ಗೆ ಅಣ್ಣ ತಿಂಡಿ ಬೇಡ ಎಂದಿದ್ದರಂತೆ. ಬ್ಯಾಂಕಿನವರು ಪೆನ್ನು ಕೊಟ್ಟ ಮೇಲೆ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿ ಹಾಕಿಕೊಂಡರಂತೆ, ಮತ್ತೆ ತೆಗೆದು ಒರೆಸಿದರಂತೆ. ಅಮ್ಮ ಪಕ್ಕದ ಕುರ್ಚಿಯಲ್ಲಿ ಕುಳಿತು, "ಹಾಕಿ ಅಂದ್ರೆ, ಹೊತ್ತಾಯ್ತು" ಎಂದರಂತೆ. ಆಗ ಸಹಿ ಹಾಕಿದರಂತೆ. ನಾವು ಆ ದಿನ ವೀಸಾದ ಕಾಗದಗಳನ್ನು ಜೆರಾಕ್ಸ್ ಮಾಡಿಸಲು ಪೇಟೆಗೆ ಹೋಗಿದ್ದೆವು.